ಅತ್ತೆಯ ಉಲ್ಲನ್ ಟೋಪಿ

ಆಳಂದ
ಜನವರಿ ೧೯, ೨೦೨೫

ಸಿದ್ದಲಿಂಗ ಅವರೇ,

ನೀವು ಕ್ಷೇಮವಾಗಿಯೇ ಇರುತ್ತೀರಿ. ತಮ್ಮ ಕ್ಷೇಮವನ್ನು ಬಿಟ್ಟು ಬೇರೇನನ್ನೂ ನೋಡದವರಿಗೆ ಕೇಡಾಗುವುದು ಕಡಿಮೆ. ಆದ್ದರಿಂದ ಅದನ್ನು ಕೇಳದೆ ವಿಷಯಕ್ಕೆ ಬರುತ್ತೇನೆ.

ನಿನ್ನೆ ಅಫಜಲಪುರದಿಂದ ನಿಮ್ಮ ಅಕ್ಕನ ಗಂಡ ಮಲ್ಲಣ್ಣನವರು ಬಂದಿದ್ದರು. ನೀವು ಹೇಳಿ ಕಳಿಸಿದ್ದನ್ನು ಚಹಾ ಕುಡಿಯುವ ಮುಂಚೆಯೇ ಒಪ್ಪಿಸಿಬಿಟ್ಟರು. ನಾನು ನಿಮ್ಮ ತಾಯಿಯ ತಲೆ ಕೆಡಿಸಿ ಕರೆತಂದಿದ್ದೇನಂತೆ, ಜೇವರ್ಗಿಯಲ್ಲಿ ನಿಮ್ಮ ಮರ್ಯಾದೆ ಹೋಗುತ್ತಿದೆಯಂತೆ, ಇನ್ನಾದರೂ ಅವರನ್ನು ವಾಪಸು ಕಳಿಸಬೇಕಂತೆ. ತಾಯಿ ಹೇಗಿದ್ದಾಳೆಂದು ಕೇಳಿ ಬರಲು ನೀವು ಹೇಳಿದ್ದಿರೇ ಎಂದು ವಿಚಾರಿಸಿದೆ. ಮಲ್ಲಣ್ಣನವರು ಸುಳ್ಳು ಹೇಳಲಾಗದ ಮನುಷ್ಯ. ತಲೆ ತಗ್ಗಿಸಿ ಬಸಿಯಲ್ಲಿದ್ದ ಚಹಾ ನೋಡುತ್ತ ಕುಳಿತರು.

ನಡೆದದ್ದನ್ನು ನೀವು ಊರಿಗೆಲ್ಲ ನಿಮಗೆ ಬೇಕಾದಂತೆ ಹೇಳಿದ್ದೀರಿ. ಒಮ್ಮೆ ನಡೆದಂತೆಯೇ ಓದಿಕೊಳ್ಳಿ.

ಎರಡು ವರ್ಷದ ಹಿಂದೆ ನಿಮ್ಮ ಮನೆ ಬಿಟ್ಟು ಇಲ್ಲಿನ ಶಾಲೆಗೆ ವರ್ಗ ಮಾಡಿಸಿಕೊಂಡು ಬಂದಾಗ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಪಕ್ಕದ ಮನೆಯ ತಬಸ್ಸುಮ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕೈಗೆ ಕೊಟ್ಟು ಚಳಿಗಾಲದ ಟೋಪಿ ಹೆಣೆಯಲು ಕಲಿಸಿದಳು. ದೊಡ್ಡ ವಿದ್ಯೆಯೇನಲ್ಲ. ಒಂದೇ ಬಗೆಯ ಹೆಣಿಗೆ, ಸಾಲಿನ ಮೇಲೆ ಸಾಲು. ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಬಹುದು. ಮದುವೆಗೆ ಆ ಅನುಕೂಲವಿಲ್ಲ. ಕೈ ಆಡುತ್ತ ಆಡುತ್ತ ನಿಮ್ಮ ದನಿ ನನ್ನ ಕಿವಿಯಿಂದ ದೂರವಾಯಿತು.

ಡಿಸೆಂಬರಿನಲ್ಲಿ ನಿಮ್ಮ ಹೊಸ ಮನೆಯ ಪ್ರವೇಶಕ್ಕೆ ನಾನು ಬಂದದ್ದು ನಿಮ್ಮ ವೈಭವ ನೋಡಲಿಕ್ಕಲ್ಲ. ಅತ್ತೆ ಫೋನು ಮಾಡಿ ಒಮ್ಮೆ ಮುಖ ತೋರಿಸಿ ಹೋಗೆಂದು ಕೇಳಿದ್ದರು. ಅವರಿಗೆ ಕ್ಯಾನ್ಸರ್ ಚಿಕಿತ್ಸೆ ಶುರುವಾದ ಮೇಲೆ ನಾನು ಬಂದಾಗಲೆಲ್ಲ ಮಲಗಿದ್ದಾರೆಂದು ಹೇಳಿ ನೀವು ನನ್ನನ್ನು ಬಾಗಿಲಿನಿಂದಲೇ ಕಳಿಸಿದ್ದಿರಿ.

ಬಸ್ಸಿನಲ್ಲಿ ಹೆಣೆಯುತ್ತ ಬಂದಿದ್ದ ಟೋಪಿ ನನ್ನ ಚೀಲದಿಂದ ಇಣುಕುತ್ತಿತ್ತು. ಕೊಳಕೂರದಿಂದ ಬಂದಿದ್ದ ಬೀಗರ ಮುಂದೆ ನೀವು ಅದನ್ನು ನೋಡಿ ನಕ್ಕಿರಿ. "ಕೂಸಿಲ್ಲದಾಕಿ ಯಾರಿಗೆ ಕುಲಾವಿ ಹೆಣಿಯಾಕತ್ತಿ?" ಎಂದಿರಿ. ಹಿಂದಾಗಿದ್ದರೆ ಹಿತ್ತಿಲಿಗೆ ಹೋಗಿ ಅಳುತ್ತಿದ್ದೆ. ಅಂದು ನನಗೆ ನಿಮ್ಮ ಬಗ್ಗೆ ಅನಿಸಿದ್ದು ಹೇಸಿಗೆ, ಅಷ್ಟೇ.

ಅತ್ತೆ ಪೆಂಡಾಲಿನಲ್ಲಿರಲಿಲ್ಲ, ಅಡುಗೆ ಮನೆಯಲ್ಲೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ, ನಿಮ್ಮ ಅಂಗಡಿಯ ಬೀಜದ ಚೀಲಗಳ ಪಕ್ಕದಲ್ಲಿ ಕುಳಿತಿದ್ದರು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಕೂದಲೆಲ್ಲ ಉದುರಿದ ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ, ಜಾರಿದಂತೆಲ್ಲ ಎಳೆದುಕೊಳ್ಳುತ್ತಿದ್ದರು. ಬೋಳು ತಲೆ ಕಂಡರೆ ಬಂದವರಿಗೆ ಅಪಶಕುನವೆನಿಸೀತು, ಊಟ ಮುಗಿಯುವವರೆಗೆ ಒಳಗೇ ಇರು ಎಂದು ನೀವು ಹೇಳಿದ್ದಿರಂತೆ. ಇದನ್ನು ಅವರು ನಿಮ್ಮ ಮೇಲೆ ದೂರಾಗಿ ಹೇಳಲಿಲ್ಲ. ತಪ್ಪು ತಮ್ಮ ತಲೆಯದೇ ಎಂಬಂತೆ ಹೇಳಿದರು.

ನನಗೆಂದು ಹೆಣೆಯುತ್ತಿದ್ದ ಆ ನೀಲಿ ಟೋಪಿಗೆ ನೆತ್ತಿ ಮುಚ್ಚುವುದೊಂದೇ ಉಳಿದಿತ್ತು. ಅವರ ಪಕ್ಕದಲ್ಲಿ ಕುಳಿತು ಮುಗಿಸಿದೆ. ಕೊನೆಯ ಕುಣಿಕೆಗಳನ್ನು ಒಟ್ಟಿಗೆ ಎಳೆದು ಬಿಗಿದು, ಬದಿ ಹೊಲಿದು, ಅವರ ತಲೆಗೆ ಹಾಕಿದೆ. ಎರಡೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದರು. "ನಡಿ, ನಾನೂ ಮಂದ್ಯಾಗ ಕುಂಡ್ರತೇನಿ" ಎಂದರು.

ನೀವು ಆಗ ಮೈಕು ಹಿಡಿದು ತಂದೆತಾಯಿಯ ಸೇವೆಯ ಕುರಿತು ಮಾತಾಡುತ್ತಿದ್ದಿರಿ. ರೇಷ್ಮೆ ಸೀರೆ, ನೀಲಿ ಟೋಪಿಯ ನಿಮ್ಮ ತಾಯಿ ಗುರಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಬಂದು ಕುಳಿತಾಗ ನಿಮ್ಮ ಮಾತು ಅರ್ಧಕ್ಕೆ ನಿಂತಿತು. ಇಳಿದು ಬಂದು, ಹಲ್ಲು ಕಚ್ಚಿಕೊಂಡೇ ನಗುತ್ತ, ಅವ್ವನಿಗೆ ತಂಡಿ ಹತ್ತಿದೆ, ಒಳಗೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದಿರಿ. ಉತ್ತರ ಕೊಟ್ಟದ್ದು ಅವರು.

"ನನಗ ತಂಡಿ ಹತ್ತಿಲ್ಲಪಾ. ನಿನಗ ನಾಚಿಕಿ ಹತ್ಯಾದ."

ದನಿ ಏರಿಸಲಿಲ್ಲ. ಆದರೂ ಸುತ್ತಲಿನವರಿಗೆಲ್ಲ ಕೇಳಿಸಿತು. ಕೊಳಕೂರದ ಬೀಗತಿ ಎದ್ದು ಬಂದು ಅತ್ತೆಯ ಪಾದ ಮುಟ್ಟಿ ಪಕ್ಕದಲ್ಲೇ ಕುಳಿತರು. ಯಾರಿಗೂ ಅಪಶಕುನವಾಗಲಿಲ್ಲ, ಯಾರೂ ಊಟ ಬಿಡಲಿಲ್ಲ. ಹೊಟ್ಟೆಗೆ ಇಳಿಯದೇ ಹೋದದ್ದು ನಿಮಗೊಬ್ಬರಿಗೆ.

ನಾನು ಯಾರ ತಲೆಯನ್ನೂ ಕೆಡಿಸಲಿಲ್ಲ. ಹೊರಡುವಾಗ ಅವರೇ ಔಷಧಿಯ ಚೀಲ ಹಿಡಿದು ನನ್ನ ಹಿಂದೆ ಬಂದರು. "ನಿನ್ನ ಮನ್ಯಾಗ ನನಗ ಜಾಗ ಅದ ಏನ್ ಶಾಂಭವಿ?" ಎಂದು ಕೇಳಿದರು. ನೀವು ಗೇಟಿನ ಬಳಿಯೇ ಇದ್ದಿರಿ. ಒಂದು ಮಾತಿನಿಂದ ತಡೆಯಬಹುದಿತ್ತು. ನೆರೆಯವರು ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿದಿರಿ, ತಾಯಿಯ ಕಡೆ ನೋಡಲಿಲ್ಲ.

ಈಗ ಅವರ ಚಿಕಿತ್ಸೆ ಮುಗಿದಿದೆ. ಬೆಳಿಗ್ಗೆ ಬಿಸಿಲಿಗೆ ಕುಳಿತು ತಬಸ್ಸುಮಳಿಂದ ಹೆಣಿಗೆ ಕಲಿಯುತ್ತಿದ್ದಾರೆ. ಸಾಲು ತಪ್ಪಿದರೆ ತಾವೇ ನಗುತ್ತಾರೆ. ನಿಮ್ಮ ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವರನ್ನು ಕಳಿಸುವುದಿಲ್ಲ. ಮಲ್ಲಣ್ಣನವರನ್ನು ಮತ್ತೆ ದಣಿಸಬೇಡಿ.

ಕಾಗದಪತ್ರದಲ್ಲಿ ಮಾತ್ರ ನಿಮ್ಮ ಹೆಂಡತಿಯಾಗಿ ಉಳಿದಿರುವ
ಶಾಂಭವಿ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲು ಅತ್ತೆಗೆ ಓದಿ ಹೇಳಿದೆ. "ಅಂವಾ ಸಣ್ಣಾವಿದ್ದಾಗಿಂದ ಮಂದಿಗಿ ಹೆದರತಾನ. ಇಷ್ಟು ಬಿರುಸ ಬರೀಬ್ಯಾಡ" ಎಂದರು. ಅವರಿಗಾಗಿ ಕೆಲವು ಮಾತು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನೀವು ಓದಿದ್ದು ಮೆತ್ತಗಿನ ಪತ್ರ. ಶಿವರಾತ್ರಿಗೆ ಬಂದು ನೋಡಿ ಹೋಗಲು ನಿಮಗೆ ತಿಳಿಸಬೇಕಂತೆ. ನನಗಿಷ್ಟವಿಲ್ಲ. ತಿಳಿಸಿದ್ದೇನೆ.