ತೆರೆಯ ಮೇಲಿನವನು ಕೇಳದ ಪ್ರಶ್ನೆ

ಟೊರೆನ್ಸ್,
ಸೋಮವಾರ, ೧೬ ಮೇ ೨೦೦೫

ಗೆಳೆಯರಾದ ಬಾಳಾಸಾಹೇಬರಿಗೆ,

ಗುರುಶಾಂತವ್ವನ ನಮಸ್ಕಾರಗಳು. ಶನಿವಾರ ಭೇಟಿಯಾದವಳು ಸೋಮವಾರವೇ ಪತ್ರ ಬರೆಯುವುದೇಕೆ ಎಂದು ಹುಬ್ಬೇರಿಸಬೇಡಿ. ಎದುರಿಗೆ ಹೇಳಲು ಧೈರ್ಯವಿಲ್ಲದ ಮಾತಿಗೆ ಕಾಗದವೇ ಗತಿ. ಮೊದಲು ತಪ್ಪೊಪ್ಪಿಗೆ: ನನಗೆ ಇಂಗ್ಲಿಷ್ ಬರುತ್ತದೆ. ಬರುತ್ತದೆ ಎಂದರೆ ಅಷ್ಟಿಷ್ಟಲ್ಲ. ಧಾರವಾಡದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅದನ್ನೇ ಕಲಿಸಿದ್ದೇನೆ.

ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದು. ಜನವರಿಯಲ್ಲಿ ನನ್ನ ಮಗಳು ವೈಷ್ಣವಿ, ಅವ್ವನಿಗೆ ಮನೆಯಲ್ಲಿ ಬೇಸರವೆಂದು, ಹಳೆಯ ಸಿನಿಮಾಗಳ ಶನಿವಾರದ ಬೆಳಗಿನ ಆಟಕ್ಕೆ ನನ್ನನ್ನು ಲಾಸ್ ಏಂಜಲಿಸ್‌ನ ಆ ಥಿಯೇಟರಿನ ಮುಂದೆ ಇಳಿಸಿ ಹೋದಳು. ನನ್ನ ಇಳಕಲ್ ಸೀರೆ ಕಂಡದ್ದೇ ನೀವು ಹಿಂದಿನ ಸಾಲಿನಿಂದ ಎದ್ದು ಬಂದಿರಿ. "ಅವ್ವಾರ, ಮಗಳ ಮನೀಗಿ ಬಂದೀರೇನ್ರಿ? ಇವ್ರ ಇಂಗ್ಲಿಷ್ ಭಾಳ ಜೋರ್ ಓಡತೈತ್ರಿ, ನಿಮಗ ತಿಳಿಯಂಗಿಲ್ಲ. ನಾ ಹೇಳ್ತೀನಿ, ಚಿಂತಿ ಬಿಡ್ರಿ" ಎಂದಿರಿ. ಮಗಳ ಮನೆಗೆ ಬಂದ ಇಳಕಲ್ ಸೀರೆಗಳಿಗೆಲ್ಲ ಇಂಗ್ಲಿಷ್ ಬಾರದು ಎಂದು ಇಲ್ಲಿನ ನಮ್ಮವರು ನಂಬಿಯೇ ಬಿಟ್ಟಿದ್ದಾರೆ. ತಿದ್ದೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ತೆರೆಯೇ ಮಾತಾಡತೊಡಗಿತು.

ಆಹಾ, ಅದೇನು ಬೆಳಕು! ಮನೆಯೆತ್ತರದ ಮುಖಗಳು, ಬರೀ ಕಪ್ಪು ಬಿಳುಪಿನಲ್ಲಿ ಅಷ್ಟೊಂದು ಬಣ್ಣ! ಎಪ್ಪತ್ತು ವರ್ಷದ ಹಿಂದೆ ನಕ್ಕವರು ಎಂದೋ ಮಣ್ಣಾಗಿದ್ದಾರೆ, ಅವರ ನಗು ಮಾತ್ರ ಇನ್ನೂ ನಮ್ಮ ಮುಖದ ಮೇಲೆ ಬೀಳುತ್ತಿದೆ. ಸಾಹುಕಾರನ ಮಗಳು ತಾನು ಮನೆಗೆಲಸದವಳೆಂದಳು. ಕೆಲಸವಿಲ್ಲದ ಹುಡುಗ ತಾನು ದೊಡ್ಡ ಶ್ರೀಮಂತನೆಂದ. ಇಬ್ಬರೂ ಸುಳ್ಳಿನ ಮರೆಯಲ್ಲಿ ನಿಂತು ನಿಜವಾಗಿ ಪ್ರೀತಿಸಿದರು.

ಅದರ ಮೇಲೆ ನಿಮ್ಮ ಅನುವಾದ! ಆಕೆ "ನನ್ನ ನಾಯಿ ಎಲ್ಲಿ?" ಎಂದರೆ, ನೀವು ನನ್ನ ಕಿವಿಯಲ್ಲಿ, "ನಮ್ಮವ್ವ ನಾ ಸಣ್ಣಾಕಿ ಇದ್ದಾಗ ತೀರ್ಕೊಂಡ್ಳು ಅನ್ನಾಕತ್ತಾಳ್ರಿ" ಎಂದಿರಿ. ಚಿತ್ರದಲ್ಲಿ ಎಲ್ಲೂ ಇಲ್ಲದ ಸೋದರತ್ತೆಯೊಬ್ಬಳನ್ನು ಹುಟ್ಟಿಸಿ, ಅವಳಿಗೊಂದು ಕೋರ್ಟು ಕೇಸನ್ನೂ ಕೊಟ್ಟಿರಿ. ಗಾರ್ಡ್ ಆಗಿ ಮೂವತ್ತು ವರ್ಷ ರೈಲು ಬಿಟ್ಟವರು ನಿವೃತ್ತರಾದ ಮೇಲೆ ರೀಲು ಬಿಡುತ್ತಿದ್ದಾರೆ ಎಂದು ಸೆರಗು ಬಾಯಿಗಿಟ್ಟು ನಕ್ಕೆ. ಇಂಗ್ಲಿಷ್ ತಿಳಿಯದೆ ಕಟ್ಟಿದಿರೋ, ತಿಳಿದೂ ಕಟ್ಟಿದಿರೋ, ನನಗಿನ್ನೂ ಗೊತ್ತಿಲ್ಲ. ಆದರೆ ಎರಡನೆಯ ವಾರಕ್ಕೆ ನಗು ಹೋಗಿ ಬೆರಗು ಬಂತು. ನಿಮ್ಮ ಸೋದರತ್ತೆಯರಿಗಾಗಿ ನಾನು ಅತ್ತಿದ್ದೇನೆ. ಆ ದೊಡ್ಡ ದೊಡ್ಡ ಮುಖಗಳು ನಿಮ್ಮ ಮಾತಿಗೇ ತುಟಿ ಆಡಿಸುತ್ತಿವೆ ಅನ್ನಿಸುತ್ತಿತ್ತು. ಸ್ಯಾನ್ ಡಿಯಾಗೋದ ಮಗನ ಮನೆಯಿಂದ ಮೂರು ತಾಸು ರೈಲಿನಲ್ಲಿ ಬಂದು, ನನ್ನಂತೆಯೇ ಒಂಟಿಯಾದವರೊಬ್ಬರು ನನಗೆ ಕಥೆ ಹೇಳುತ್ತಿದ್ದರು. ಯಜಮಾನರು ಹೋದ ಈ ಒಂಬತ್ತು ವರ್ಷಗಳಲ್ಲಿ ನನಗಾಗಿ ಯಾರೂ ಇಷ್ಟು ಶ್ರಮಪಟ್ಟು ಸುಳ್ಳು ಹೇಳಿರಲಿಲ್ಲ. ನಿಜ ಹೇಳಿದರೆ ನೀವು ಹಿಂದಿನ ಸಾಲಿಗೆ ಹೋಗಿಬಿಡುತ್ತೀರಿ, ಅದಕ್ಕೇ ಹೇಳಲಿಲ್ಲ.

ಈಗ ಮೊನ್ನೆಯ ವಿಷಯ. ತೆರೆಯ ಮೇಲೆ ಆತ ತಿಂಡಿಗೆ ಕೂತು, "ಸ್ವಲ್ಪ ಬೆಣ್ಣೆ ಈ ಕಡೆ ಕೊಡು" ಎಂದ. ಬೆಣ್ಣೆ, ಬಾಳಾಸಾಹೇಬರೇ, ಅಷ್ಟೇ. ನೀವು ನನ್ನತ್ತ ನೋಡದೆ, "ಅಂವ ಕೇಳಾಕತ್ತಾನ್ರಿ... ಇನ್ನ ಉಳಿದ ದಿನ ನನ್ನ ಜೋಡಿ ಇರ್ತೀರೇನು ಅಂತ" ಎಂದಿರಿ.

"ಆಕಿ ಏನಂದ್ಳ್ರಿ?" ಎಂದೆ.

"ಆಕಿ ಇನ್ನೂ ಏನೂ ಅಂದಿಲ್ರಿ."

ಆಕೆಯೋ, ಅಲ್ಲಿ ಉಸಿರು ತೆಗೆಯದೆ ಅವನನ್ನು ಬಯ್ಯುತ್ತಿದ್ದಳು!

ಇಂಗ್ಲಿಷ್ ಬಾರದವಳಾಗಿಯೇ ಉಳಿದರೆ ಅದು ಸಿನಿಮಾದ ಮಾತು. ನಾನು ಉತ್ತರಿಸಬೇಕಿಲ್ಲ, ಇಪ್ಪತ್ತಾರಕ್ಕೆ ವಿಮಾನ ಹತ್ತಿ ಊರಿಗೆ ಹೋಗಬಹುದು. ಉತ್ತರ ಕೊಡಬೇಕಾದರೆ, ಕೇಳಿದ್ದು ನೀವೇ ಎಂದು ನನಗೆ ಗೊತ್ತು ಎನ್ನಬೇಕು. ನಾಲ್ಕು ತಿಂಗಳು ಎಲ್ಲ ಗೊತ್ತಿದ್ದೇ ನಿಮ್ಮ ಪಕ್ಕ ಕೂತಿದ್ದೆ ಎಂದೂ ಹೇಳಬೇಕು. ನೀವು ಸಿಟ್ಟಾಗಿ ಪ್ರಶ್ನೆಯನ್ನೇ ಹಿಂತೆಗೆದುಕೊಂಡರೆ? ಎರಡು ದಿನದಿಂದ ಇದೇ ಭಯ. ಅರವತ್ತಮೂರರಲ್ಲಿ ಎದೆ ಹೀಗೂ ಹೊಡೆದುಕೊಳ್ಳುತ್ತದೆಯೇ ಎಂಬ ಸೋಜಿಗ ಬೇರೆ.

ಇರಲಿ. ತಪ್ಪು ಒಪ್ಪಿಕೊಂಡೆ. ನಿಮ್ಮನ್ನೂ.

ಇತಿ, ಮೂವತ್ತೊಂದು ವರ್ಷ ಪಾಠ ಹೇಳಿಯೂ ಈ ಒಂದು ಮಾತಿಗೆ ತಡವರಿಸಿದ,
ಗುರುಶಾಂತವ್ವ

ತಾ.ಕ.: ಕಾಗದ ಅಂಚೆಗೆ ಹಾಕಲಿಲ್ಲ. ಇಂದು, ಮಂಗಳವಾರ, ವೈಷ್ಣವಿಗೆ ಎಲ್ಲ ಹೇಳಿದೆ. ಅವಳು ಒಂದು ತಾಸು ಅಡುಗೆಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿದಳು. ಆಮೇಲೆ, "ಅವ್ವಾ, ಅವರಿಗೆ ಶುಗರ್ ಐತೇನು ಮೊದ್ಲ ಕೇಳ್ಕೊ" ಎಂದು ಸ್ಟೇಷನ್ನಿಗೆ ಕರೆತಂದು ಬಿಟ್ಟಳು. ಇದನ್ನು ರೈಲಿನಲ್ಲಿ ಬರೆಯುತ್ತಿದ್ದೇನೆ. ಕಿಟಕಿಯ ತುಂಬ ಸಮುದ್ರ. ನಿಮ್ಮ ಮಗನ ಮನೆಗೆ ಹತ್ತಿರದ ಸ್ಟೇಷನ್ ಸೊರೆಂಟೊ ವ್ಯಾಲಿಯಲ್ಲಿಳಿದು ಇದನ್ನು ನಾನೇ ನಿಮ್ಮ ಕೈಗೆ ಕೊಡುತ್ತೇನೆ. ನೀವು ಇಲ್ಲಿಯವರೆಗೆ ಓದುವಷ್ಟರಲ್ಲಿ ಬಾಗಿಲಲ್ಲಿ ನಿಂತ ನನ್ನ ಮೊಣಕಾಲು ನೋಯುತ್ತಿರುತ್ತದೆ. ಒಳಗೆ ಕರೆಯಿರಿ.