ಹವಳಕ್ಕೆ ನೀರು ಹಾಕುವವರು

ಪುಟ್ಟಿ,

ಬಸ್ಸಿಗೆ ಹೊತ್ತಾಯ್ತು, ಆದರೂ ಬೂಟು ಬಿಚ್ಚಿ ಮೂರು ಸಲ ಒಳಗೆ ಬಂದೆ. ಮೀನಿನ ಗಾಜಿನ ತೊಟ್ಟಿಯಲ್ಲಿರೋ ಹವಳಗಳು ಇನ್ನಷ್ಟು ಬಿಳಿಚಿಕೊಂಡಿವೆ. ಉಪ್ಪು, ಬಿಸಿ, ದೀಪ ಎಲ್ಲ ಸರಿಯಾಗಿಯೇ ಇದೆ. ನೀನು ಮೀನಿಗೆ ಸುರಿದ ತಿಂಡಿಯೇ ಕಾರಣ ಅಂತ ನಿನ್ನೆ ರೇಗಾಡಿದೆನಲ್ಲ, ತಪ್ಪಾಯ್ತು ಕಣೇ. ನೀರು ತಗ್ಗಿದಾಗೆಲ್ಲ ಅಪ್ಪ ತಮ್ಮ ತಾಮ್ರದ ತಂಬಿಗೆಯಿಂದ ತುಂಬಿಸುತ್ತಿದ್ದಾರೆ. ಇವತ್ತು ಕಣ್ಣಾರೆ ನೋಡಿದೆ. ತಾಮ್ರ ಹವಳಕ್ಕೆ ವಿಷ.

ಬಂದ ಕೂಡಲೇ ಕ್ಯಾನಿನಲ್ಲಿ ಬೆರೆಸಿಟ್ಟ ಉಪ್ಪುನೀರು ಹಾಕಿ ತೊಟ್ಟಿಯ ಕಾಲು ಭಾಗ ನೀರು ಬದಲಿಸು. ಅಪ್ಪನ ಕೈಗೆ ಪ್ಲಾಸ್ಟಿಕ್ ಜಗ್ ಕೊಡು. ತಂಬಿಗೆ ನನ್ನ ಬ್ಯಾಗಿನಲ್ಲಿದೆ, ಹುಡುಕಿದರೆ ಗೊತ್ತಿಲ್ಲ ಅನ್ನು.

ಕಾರಣ ಮಾತ್ರ ಹೇಳಬೇಡ. ಬೆಳಿಗ್ಗೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಪಾಪ, ದಿನದಿನಕ್ಕೂ ಸೊರಗ್ತಿವೆ. ಇನ್ನೊಂದು ತಂಬಿಗೆ ಹಾಕ್ಲಾ?" ಅಂತ ಕೇಳಿದರು.

ಅಕ್ಕ