ಗುರುವಾರದ ಕಾರು

ಬಿಂಡಿಗನವಿಲೆ
೧೬ ನವೆಂಬರ್ ೨೦೨೫, ಭಾನುವಾರ

ಪಾಂಡವಪುರದಲ್ಲಿರುವ ಧರ್ಮೇಂದ್ರ ಅವರಿಗೆ ಸ್ನೇಹಳ ನಮಸ್ಕಾರ.

ಮೈಸೂರಿಗೆ ಹೋಗಲು ಈ ಗುರುವಾರ ಕಾರು ತರಬೇಡಿ. ಮರೆವಿನ ಕಾಯಿಲೆಗೆಂದು ಅಲ್ಲಿ ಅತ್ತೆಗೆ ಡ್ರಿಪ್‌ನಲ್ಲಿ ಹಾಕುತ್ತಿದ್ದ, ಇನ್ನೂ ಪ್ರಯೋಗದಲ್ಲಿರುವ ಆ ಔಷಧಿಯನ್ನು ನಿಲ್ಲಿಸಿದ್ದಾರೆ. ನಿನ್ನೆ ಫೋನಿನಲ್ಲಿ ‘ಆರಾಮಾಗವ್ರೆ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಡ್ರಿಪ್ ಹಾಕುವ ಮೊದಲು ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು, ಅತ್ತೆ ಮನೆಯಲ್ಲಿ ಹೇಗಿರುತ್ತಾರೆ ಎಂದು ಕೇಳುತ್ತಿದ್ದರು. ಕಾಯಿಲೆಯವರು ತಾವೇ ಹೇಳಲಾರರಲ್ಲ, ಜೊತೆಗಿರುವವರ ಮಾತೇ ಅವರಿಗೆ ಆಧಾರ. ನಾನು ಪ್ರತಿ ಸಲವೂ ‘ಚೆನ್ನಾಗವ್ರೆ ಮೇಡಂ’ ಎನ್ನುತ್ತಿದ್ದೆ. ಒಲೆ ಆರಿಸಲು ಮರೆತದ್ದು, ಸೀರೆ ಉಡಲಾಗದೆ ಅತ್ತದ್ದು, ಒಂದನ್ನೂ ಹೇಳಲಿಲ್ಲ. ಗಂಡನಾದ ನಿಮ್ಮಿಂದ ದೂರವಾಗಿ, ಅತ್ತೆಯನ್ನು ಇಟ್ಟುಕೊಂಡವಳು ನಾನು. ಅತ್ತೆಯ ಮೇಲೂ ದೂರು ಹೇಳುತ್ತಾಳೆ ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ಬೂಕನಕೆರೆಯ ನಿಮ್ಮ ಚಿಕ್ಕಮ್ಮ ಮೊದಲೇ ‘ಅವ್ಳೇನ್ ನೋಡ್ಕೋತಾಳೆ ಬುಡು’ ಅಂದಿದ್ದರಲ್ಲ. ಮೇಲಾಗಿ ಅವ್ವನಿಗೆ ಔಷಧಿ ಹಿಡಿಯಿತು ಎಂದು ನೀವು ನೆಂಟರಿಗೆಲ್ಲ ಹೇಳಿಕೊಂಡು ಬಂದಿರಿ.

ತಲೆನೋವು ಬಂದರೆ, ತೂರಾಡಿದರೆ ತಕ್ಷಣ ತಿಳಿಸಿ, ಈ ಔಷಧಿಯಿಂದ ಮಿದುಳು ಊದಿಕೊಳ್ಳುವುದುಂಟು ಎಂದು ಡಾಕ್ಟರಮ್ಮ ನಮ್ಮಿಬ್ಬರಿಗೂ ಹೇಳಿದ್ದರು. ಕಳೆದ ಡ್ರಿಪ್ ಆದಾಗಿನಿಂದ ಅತ್ತೆ ‘ತಲೆ ಸಿಡೀತದೆ ಕಣವ್ವ’ ಎನ್ನುತ್ತಲೇ ಇದ್ದರು. ನಾನು ಒಣಶುಂಠಿ ತೇಯ್ದು ಹಣೆಗೆ ಹಚ್ಚಿ ಸುಮ್ಮನಾದೆ. ಶುಕ್ರವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದರು. ಎತ್ತಲು ಹೋದರೆ ‘ಯಾರವ್ವ ನೀನು’ ಎಂದರು. ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿಮ್ಮನ್ನು ಕರೆಯಲು ಧೈರ್ಯ ಸಾಲದೆ ಬೆಳ್ಳೂರಿನಿಂದ ಬಾಡಿಗೆ ಕಾರು ತರಿಸಿಕೊಂಡು ಮೈಸೂರಿಗೆ ಕರೆದೊಯ್ದೆ. ಸ್ಕ್ಯಾನ್ ಮಾಡಿದರು. ಊತ ಸ್ವಲ್ಪವೇ ಇದೆ, ಇಳಿಯುತ್ತದೆ, ಆದರೆ ಆ ಔಷಧಿ ಇನ್ನು ಕೊಡುವುದಿಲ್ಲ ಎಂದರು. ‘ಮೊದಲೇ ಹೇಳಬಾರದಿತ್ತಾ’ ಅಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಈಗ ಅತ್ತೆ ಊಟ ಮಾಡುತ್ತಾರೆ, ಗೋಡೆ ಹಿಡಿದು ನಡೆಯುತ್ತಾರೆ, ನನ್ನನ್ನೂ ಗುರುತಿಸುತ್ತಾರೆ. ನಿಮ್ಮ ಅವ್ವನನ್ನು ನೀವೇ ಕರೆದುಕೊಂಡು ಹೋಗಬೇಕೆನಿಸಿದರೆ ಹೋಗಿ. ತಡೆಯುವ ಮುಖ ನನಗಿಲ್ಲ.

ಇಂತಿ,
ಸ್ನೇಹ

ತಾ.ಕ.: ನಾಲ್ಕು ಜನರ ಮಾತಿಗೆ ಹೆದರಿ ಎಲ್ಲ ಮುಚ್ಚಿಟ್ಟೆ ಎಂದು ಬರೆದದ್ದು ಪೂರ್ತಿ ನಿಜವಲ್ಲ. ನಾವು ಬೇರೆಯಾಗಿರುವುದನ್ನು ಅತ್ತೆ ಮರೆತುಬಿಟ್ಟಿದ್ದಾರೆ. ಅದಕ್ಕೇ ನೀವು ಕಾರು ತಂದಾಗಲೆಲ್ಲ ‘ಮುಂದ್ಕೆ ಕೂತ್ಕೊ, ನಿನ್ ಗಂಡನ್ ಪಕ್ಕ’ ಎಂದು ನನ್ನನ್ನು ತಳ್ಳುತ್ತಿದ್ದರು. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ದಾಟುವವರೆಗೂ ನೀವೂ ಮಾತಾಡುತ್ತಿರಲಿಲ್ಲ, ನಾನೂ ಆಡುತ್ತಿರಲಿಲ್ಲ. ಆದರೂ, ಔಷಧಿ ನಿಂತರೆ ಆ ಕಾರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.